ಜೋಳದ ಅರ್ಧ ಕಾಳಿನಷ್ಟು ಕಚ್ಚು

ಎಡಗಾಲು ಮುಂದ ಬಂತು, ಬಲಗಾಲು ಹಿಂದ ಹೋತು, ಮತ್ತ ಬಲಗಾಲು ಮುಂದ — ಸಿದ್ದಲಿಂಗವ್ವಕ್ಕನ ಎರಡೂ ಕಾಲು ಕಂಡಿಯಿಂದ ಹೊರಗ ಇಳಿಬಿದ್ದು, ಹಳೇ ಸೀರಿ ಚಿಂದಿ ಸುತ್ತಿಕೊಂಡು, ಮಗ್ಗದಾಗಿನ ಲಾಳಿಯಂಗ ಅತ್ತ ಇತ್ತ ಆಡಾಕ ಹತ್ಯಾವ, ನೋಡಿ ನೋಡಿ ಅಂದಾನಪ್ಪಗ ಕಣ್ಣಿಗೆ ಕತ್ತಲಿ ಬರಾಕ ಹತ್ತೇತಿ, ಆದ್ರ ಬ್ಯಾರೆ ಏನು ನೋಡಬೇಕು, ಎಡಕ್ಕ ನೋಡಿದ್ರ ಆಳದಾಗ ಹೊಳಿ, ಬಿಳೀ ನೊರಿ ಕಾರಿಕೊಂತ, ಬಲಕ್ಕ ನೋಡಿದ್ರ ಗ್ವಾಡಿಯಂಥಾ ಗುಡ್ಡ, ಮ್ಯಾಲೆ ನೋಡಿದ್ರ ರುಮಾಲು ಬೀಳತೈತಿ, ಅದಕ್ಕ ಅಕ್ಕನ ಕಾಲೇ ಗತಿ. ಕಂಡಿ ಅಂದ್ರ ಈ ಸೀಮಿಯ ಬುಟ್ಟಿ, ಬೆನ್ನಿಗೆ ಕಟ್ಟಿಕೊಂಡು ನಡೀಲಾರದವರನ್ನ ಹೊರತಾರ, ಒಳಗ ಕುಂತವರ ಮಾರಿ ಹಿಂದಕ್ಕ, ಹಿಂಗಾಗಿ ಹೊರಾವ ಮುಂದಿನ ದಾರಿ ನೋಡಿದ್ರ ಅಕ್ಕ ಹಿಂದಿನ ದಾರಿ ನೋಡತಾಳ, ಹಿಂದಿನ ದಾರಿಯಾಗ ತಮ್ಮ ಅಂದಾನಪ್ಪ ಒಬ್ಬನ ಇರತಾನ, ಹರಿದ್ವಾರ ಬಿಟ್ಟು ಹದಿನೆಂಟು ದಿನ ಆತು, ಹದಿನೆಂಟು ದಿನದಿಂದ ಆಕಿ ಅವನ ಮಾರಿನ್ನ ಪುರಾಣದಂಗ ಓದಾಕ ಹತ್ಯಾಳ. ಇಳಕಲ್ಲಿನಾಗ ಜನ್ಮವೆಲ್ಲಾ ಲಾಳಿಗೆ ನೂಲಿನ ಕಂಡಿಕಿ ಸುತ್ತಿದಾಕಿ ಈಗ ತಾನ ಕಂಬಳಿ ಸುತ್ತಿಕೊಂಡು ಕಂಡಿಯಾಗ ಕುಂತಾಳ, ಶಿವಾ, ಕಂಡಿಕಿಯಿಂದ ಕಂಡಿಗೆ ಬಂದಾಕಿಗೆ ಕಾಣದ್ದು ಏನೈತಿ. ಎದಿ ನೋಯ್ತೈತೇನೋ ತಮ್ಮಾ. ಇಲ್ಲವಾ. ಮತ್ತ ಯಾವಾಗ ನೋಡಿದ್ರೂ ಕೈ ಎದಿಮ್ಯಾಲೆ. ಥಂಡಿ ಅಕ್ಕಾ. ಥಂಡಿ ಆದ್ರ ಎರಡೂ ಕೈ ಕಂಬಳಿಯಾಗ ಇಡತಾರ, ಒಂದು ಕೈ ಎದಿಮ್ಯಾಲೆ ಇಡಾವ ಇಲ್ಲಾ ಕೆಮ್ಮಾವ ಇರಬೇಕು ಇಲ್ಲಾ ಕದ್ದಾವ ಇರಬೇಕು, ನೀ ಕೆಮ್ಮವಲ್ಲಿ. ಹಂಗಂದು ಆಕಿ ಬುಟ್ಟಿ ಹೊತ್ತಾವಗ, ಸಾವಕಾಶ ನಡಿಯೋ ನಮ್ಮಪ್ಪ, ಕಲ್ಲು ನೋಡಿ ಕಾಲಿಡು ಅಂದ್ಲು, ಅಂವ ತನ್ನ ಗುಡ್ಡದ ಭಾಷಾದಾಗ ಏನೋ ಅಂದ, ಆಕಿ ಹೌದೌದು ಅಂದ್ಲು, ಇಬ್ಬರಿಗೂ ಒಬ್ಬರದೊಬ್ಬರಿಗೆ ಒಂದು ಅಕ್ಷರ ತಿಳಿಯೂದಿಲ್ಲ, ಅದಕ್ಕ ಹದಿನೆಂಟು ದಿನದಾಗ ಒಂದು ಜಗಳ ಆಗಿಲ್ಲ.

ಕೈ ತೆಗದ. ಕಂಬಳಿ ಒಳಗ ತುರುಕಿದ. ಒಳಗ ಹೋದ ಕೈ ತಾನಾಗೇ ಮತ್ತ ಅಲ್ಲೇ ಹೋತು, ಕೊಳ್ಳಾಗಿನ ಶಿವದಾರ ಹಿಡಕೊಂಡು ಕೆಳಗಿಳದು, ಅರಿವಿಯಾಗ ಸುತ್ತಿದ ಲಿಂಗದ ಮ್ಯಾಲೆ ನಿಂತು, ಹೆಬ್ಬಟ್ಟು ಒಂದು ಸುತ್ತು ತಿರುಗಿ ಹುಡುಕಿತು, ಸಿಕ್ತು, ಬುಡದ ಸನೇಕ, ಜೋಳದ ಅರ್ಧ ಕಾಳಿನಷ್ಟು ಒಂದು ಕಚ್ಚು. ಸಿಕ್ಕಕೂಡ್ಲೇ ಉಸಿರು ಹೊರಗ ಬಿತ್ತು. ಇದು ಅಂದಾನಪ್ಪನ ಲಿಂಗ ಅಲ್ಲ. ಅಂದಾನಪ್ಪನ ಲಿಂಗ ಇಳಕಲ್ಲಿನ ಹೊರಗ, ಹೊಲದಾಗ, ಮೂರು ಮೊಳ ಮಣ್ಣಿನ ಕೆಳಗ, ಹೇಣ್ತಿ ಗುರುಲಿಂಗವ್ವನ ಎಡಗೈ ಮುಷ್ಟಿಯಾಗ ಐತಿ, ನಾಕು ವರ್ಷ ಆತು, ಪ್ಲೇಗು ಬಂದ ವರ್ಷ, ಮತ್ತ ಆಕಿ ಲಿಂಗ ಇಲ್ಲೆ, ಇವನ ಎದಿಮ್ಯಾಲೆ, ಸತ್ತವರ ಅಂಗೈಯಾಗ ಅವರ ಲಿಂಗ ಅವರಿಗೇ ಇಟ್ಟು ಮಣ್ಣು ಕೊಡಬೇಕು, ಹುಟ್ಟಿದ ಕೂಸಿಗೆ ಕಟ್ಟಿದ್ದು ಕುಣಿ ತನಕ ಜೋಡಿ ಹೋಗಬೇಕು, ಇಷ್ಟು ಒಂದು ಕೆಲಸ, ಎರಡು ಸೇರು ಜೋಳ ಅಳಿಯೂದಕ್ಕಿಂತ ಸಸಾರ, ಅದನ್ನೂ ಕೆಡಿಸಿಟ್ಟ. ಸ್ವಾಮಿ, ಅವಸರದಾಗ ಅದಲ ಬದಲ ಆತ್ರಿ. ಕೇದಾರದಾಗ ಸ್ವಾಮ್ಯಾರ ಮುಂದ ಹಿಂಗ ಹೇಳೂದು ಅಂತ ಮಾಡ್ಯಾನ. ಅಲ್ಲ, ಅದಲ ಬದಲ ಅಂದ್ರ ಸಂತ್ಯಾಗ ಜೋಡು ಬದಲಾದಂಗ ಅನಸತೈತಿ, ಸ್ವಾಮಿ, ನನ್ನಿಂದ ಒಂದು ತಪ್ಪಾತ್ರಿ, ಇದು ಚಲೋ, ಅಲ್ಲ, ಇದು ಭಾಳ ಚಲೋ ಆತು, ಇಷ್ಟು ಚಲೋ ಒಪ್ಪಿಕೊಂಡ್ರ ಇಂವ ತಾಲೀಮು ಮಾಡಿಕೊಂಡು ಬಂದಾನ ಅಂತಾರ. ಕೇದಾರದ ಗುಡಿಯಾಗ ಪೂಜಿ ಮಾಡಾವ್ರು ನಮ್ಮ ಕಡಿ ಸ್ವಾಮ್ಯಾರು, ಕನ್ನಡ ಮಾತಾಡತಾರ ಅಂತ ಕೇಳಿದಾಗ ಅಕ್ಕ ಕುಣದಾಡಿದ್ಲು, ಇವನ ಕೈ ಎದಿಗೆ ಹೋತು, ಹಿಂದಿ ಸ್ವಾಮ್ಯಾರು ಇದ್ರ ಮಾತು ತಿಳೀಲಿಲ್ರಿ ಅಂತ ತಪ್ಪಿಸಿಕೊಳ್ಳಾಕ ಬರತಿತ್ತು, ಸಾವಿರಾರು ಮೈಲಿ ರೈಲಿನಾಗ ಬಂದು, ನೂರಾರು ಮೈಲಿ ಕಾಲಾಗ ಬಂದು, ಜಗತ್ತಿನ ತುದಿಗೆ ಹತ್ತಿ ನಿಂತ್ರ ಅಲ್ಲೂ ಒಬ್ಬ ನಮ್ಮೂರಾವ, ಯಾವೂರು ತಮ್ಮಾ ಅಂತ ಕೇಳಾವ.

ಕೇಳೂದು ಅಂದ್ರ ಬರೇ ಊರು ಅಲ್ಲ. ಅದನ್ನ ಸಂಗಯ್ಯ ಮೂರು ದಿನದಿಂದ ಹೇಳಾಕ ಹತ್ಯಾನ, ಸಂಗಯ್ಯ ಅಂದ್ರ ಮನಿತನದ ಅಯ್ನಾರು, ಹುನಗುಂದದಾಂವ, ಮದುವಿಗೆ ಅಂವ, ಮಣ್ಣಿಗೆ ಅಂವ, ಊಟಕ್ಕ ಎಲ್ಲಾರಕಿಂತ ಮೊದಲ ಅಂವ, ಈಗ ಹತ್ತು ಮಾರು ಮುಂದ ಒಂದು ಬಂಡಿಗಲ್ಲಿನ ಮ್ಯಾಲೆ ಕುಂತು ಕಟಕ ರೊಟ್ಟಿ ಕಟಂ ಅಂತ ಮುರದು ಶೇಂಗಾಹಿಂಡಿಯಾಗ ಒತ್ತಿ ತಿನ್ನಾಕ ಹತ್ಯಾನ, ಈ ಗಾಳಿಯಾಗ ಎಲ್ಲಾರಿಗೂ ಉಸಿರು ಕಡಿಮಿ ಆತು, ಅಂವಗ ಹಸಿವು ಹೆಚ್ಚಾತು. ಊಖೀಮಠದಾಗ ಅಂವ ಒಂದು ಕಥಿ ಕೇಳಿಕೊಂಡು ಬಂದಾನ, ಹೋದ ವರ್ಷ ಕಲಾದಗಿ ಕಡಿಯಾವ ಒಬ್ಬ ಬಂದಿದ್ನಂತ, ಗುಡಿಯಾಗ ಸ್ವಾಮ್ಯಾರು ಪದ್ಧತಿಪ್ರಕಾರ ಅವನ ಲಿಂಗ ಕೈಯಾಗ ತಗೊಂಡು ನೀರು ಹಾಕಿ ಕೇಳಿದ್ರಂತ, ಯಾರು ಕೊಟ್ಟಿದ್ದಪಾ ಇದು, ಯಾವೂರಾಗ ಕಟ್ಟಿದ್ದು, ಅಂವ ತೊದಲಿದ, ತನ್ನದು ಕಳಕೊಂಡು ಸತ್ತ ಅಣ್ಣಂದು ಕಟ್ಟಿಕೊಂಡಿದ್ದ, ಮುಗೀತು, ಹೊಸಾದು ಕಟ್ಟಿ ಕಳಿಸಿದ್ರಂತ, ಹಳೇದನ್ನ ಈ ಮಂದಾಕಿನಿ ಹೊಳಿಗೆ, ಗುಳುಂ. ಗುಳುಂ ಅನ್ನೂಮುಂದ ಸಂಗಯ್ಯ ಕೈಯಾಗಿನ ರೊಟ್ಟಿ ತುಂಡು ಬಾಯಾಗ ಒಗಕೊಂಡ. ಅವತ್ತಿನಿಂದ ಅಂದಾನಪ್ಪನ ಕಿವಿಯಾಗ ಹೊಳಿ ಸಪ್ಪಳ ಬ್ಯಾರೆನೇ ಆಗೇತಿ. ಹೇಳಿದ್ರ ಹೊಳಿಗೆ ಹೋಗತೈತಿ, ಹೇಳದಿದ್ರ ಗಂಟಲಾಗ ನಿಲ್ಲತೈತಿ. ನಾಕು ವರ್ಷದಿಂದ ಮುಂಜಾನಿ ಸಂಜಿಕಿ ಅಂಗೈಯಾಗ ಇಟಗೊಂಡು ಕಣ್ಣು ಮುಚ್ಚಿದ್ರ ಶಿವ ಬರೂದಿಲ್ಲ, ಹೇಣ್ತಿ ಗುರವ್ವ ಬರತಾಳ, ಹೆಗಲಮ್ಯಾಲೆ ನೂಲು ಹಾಕ್ಕೊಂಡು, ಅದಕ್ಕ ತೀರ್ಥ ಗಂಟಲದಾಗ ಇಳಿಯೂದಿಲ್ಲ, ಇದೇನು ಪೂಜಿನೋ ಕದ್ದು ಭೆಟ್ಟಿ ಆಗೂದೋ, ಇದನ್ನ ಒಂದು ಸಲ ಮುಗಿಸಿಬಿಡಬೇಕು, ಹೇಳಿಬಿಡಬೇಕು, ಇವತ್ತು, ಗುಡಿ ಬಾಗಲಾ ಮುಚ್ಚೂದ್ರಾಗ, ಮತ್ತ ಹೇಳಿದಮ್ಯಾಲೆ ಕೊಳ್ಳಾಗ ಹೊಸಾದೊಂದು, ನುಣ್ಣಂದು, ಹೆಬ್ಬಟ್ಟು ಎಲ್ಲಿ ಹೋಗಬೇಕು.

ಏಳ್ರಿ ಅಯ್ಯನೋರ, ರಾಮಬಾಡಾ ಚಟ್ಟಿ ದಾಟಿದ್ವಿ, ಇನ್ನ ಕುಂತ್ರ ಹೊತ್ತಾಗತೈತಿ ಅಂತ ಅಂದಾನಪ್ಪ ಸಂಗಯ್ಯನ್ನ ಎಬ್ಬಿಸಿದ. ಚಟ್ಟಿ ಅಂತ ಚಟ್ಟಿ, ದಾರಿಗುಂಟ ಯಾತ್ರಿಯವರು ತಂಗೂ ಛಪ್ಪರಕ್ಕ ಇಲ್ಲೆ ಹಂಗಂತಾರ, ನಮ್ಮೂರಾಗ ಚಟ್ಟ ಅಂದ್ರ ಒಂದ ಸಲ, ಇಲ್ಲೆ ಮೂರು ಮೈಲಿಗೊಂದು, ಮಲಗು, ಏಳು, ಮತ್ತ ನಡಿ. ಹುಲ್ಲಿನ ಜೋಡು ಒದ್ದಿ ಆಗ್ಯಾವ. ಹುಟ್ಟಿದಾಗಿನಿಂದ ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು ಕುಂತಾವ, ನೆಲಕ್ಕಿಂತ ಎರಡು ಮೊಳ ಕೆಳಗ ಬದುಕು ಮಾಡಿದಾವ, ಹನ್ನೆರಡು ಸಾವಿರ ಫೂಟು ಮ್ಯಾಲೆ ಏನು ಮಾಡಾಕ ಹತ್ಯಾನ. ದಾರದಂಥಾ ದಾರಿ. ಕೇದಾರದಾಗೂ ಒಂದು ದಾರ ಐತಿ, ಶಿವದಾರದಾಗೂ ದಾರ ಐತಿ, ನೇಕಾರಗ ಎಲ್ಲಿ ಹೋದ್ರೂ ದಾರ ತಪ್ಪೂದಿಲ್ಲ, ದಾರಿ ತಪ್ಪತೈತಿ. ಮೆಟ್ಟಲಾ ಬಂದ್ವು, ಒರಟ ಕಲ್ಲು, ಒಂದು ಮೊಣಕಾಲುದ್ದ, ಹಿಂಗ ಇದ್ವು ಬಾದಾಮಿಯಾಗೂ, ಅವು ಕೆಂಪು, ಬೆಂದ ಇಟ್ಟಂಗಿಯಂಗ ಕೆಂಪು, ಬಿಸಿಲಿಗೆ ಅಂಗಾಲು ಸುಡತಿತ್ತು, ಅಂದಾನಪ್ಪಗ ಇಪ್ಪತ್ತೆರಡು, ಗುರವ್ವಗ ಹದಿನಾರೋ ಏನೋ, ಮದುವಿ ಆಗಿ ಬೇವೂರಿಂದ ಆಕಿ ತವರುಮನಿ ಬಂಡಿಯಾಗ ಬನಶಂಕರಿಗೆ ಹೋಗಿ, ಹಂಗ ಗುಡ್ಡ ಹತ್ತೂಣು ನಡೀರಿ ಅಂತ ಆಕಿನೇ ಗಂಟುಬಿದ್ದಿದ್ಲು, ಹಿರಿಯಾರೆಲ್ಲಾ ಹೊಂಡದ ದಂಡಿಮ್ಯಾಲೆ ಬುತ್ತಿ ಬಿಚ್ಚಿ ಕುಂತಿದ್ರು, ಇವರಿಬ್ಬರ ಬಂಡಿಗಲ್ಲಿನ ಸಂದ್ಯಾಗ, ಆಕಿ ಮುಂದ, ಸೀರಿ ಕಚ್ಚಿ ಮ್ಯಾಲೆ ಎತ್ತಿಕೊಂಡು ಆಡಿನಂಗ, ಇಷ್ಟಕ್ಕ ದಮ್ಮು ಹತ್ತಿತೇನ್ರಿ, ಮಗ್ಗದ ಕುಣಿಯಾಗ ಕಾಲು ಮರತು ಬಂದೀರೇನ, ಅಂತ ಹಿಂದ ತಿರುಗಿ ಹಲ್ಲು ತಗೀತಿದ್ಲು, ಯಾರೂ ಇಲ್ಲಂತ ಕೈ ಚಾಚಿದ್ಲು, ಹಿಡಕೋರಿ, ಹಿಡಕೊಂಡ, ಹೇಣ್ತಿ ಕೈ ಹಗಲಿನಾಗ ಹಿಡಿದಿದ್ದು ಅದೇ ಮೊದಲು, ಬೆವತಿತ್ತು, ಯಾರ ಕೈ ಬೆವತಿತ್ತೋ, ಅಷ್ಟರಾಗ ಸುಳಿಗಾಳಿ ಬಂತು, ರುಮಾಲು ಹಾರಾಕ ನೋಡಿತು, ಕೈ ಬಿಟ್ಟು ರುಮಾಲು ಹಿಡಕೊಂಡ. ರುಮಾಲು ಹಿಡಕೊಂಡ, ಶ್ಯಾಣ್ಯಾ. ಹೊಸಾ ರುಮಾಲು, ಮಾವ ಉಡುಗೊರಿ ಕೊಟ್ಟಿದ್ದು, ಮಗಳನ್ನೂ ಅಂವನ ಕೊಟ್ಟಿದ್ದ, ಇಂವ ಎರಡರಾಗ ರುಮಾಲು ಆರಿಸಿಕೊಂಡ. ಆಕಿ ಎದಿ ಊರಿ ಬಿದ್ಲು, ಲಟ್ ಅಂತ ಒಂದು ಸಪ್ಪಳ.

ಹಾಡ ಹಗಲಿನಾಗ ಚಿಕ್ಕಿ ಕಂಡ್ವು ಅಂತ ನಕ್ಕೊಂತ ಎದ್ಲು, ಮೊಣಕಾಲು ತರಚಿತ್ತು, ಅದನ್ನ ನೋಡಲಿಲ್ಲ, ಸೆರಗಿನ ಮರಿಯಾಗ ಅರಿವಿ ಬಿಚ್ಚಿ ನೋಡಿದ್ಲು, ನಗು ಅಲ್ಲೇ ನಿಂತಿತು. ಲಿಂಗದ ಮ್ಯಾಲಿನ ಕರೀ ಲೇಪ, ಕಂತಿ ಅಂತಾರ, ಅದರ ಮ್ಯಾಲೆ ಕಚ್ಚು, ಜೋಳದ ಅರ್ಧ ಕಾಳಿನಷ್ಟು, ಅದರಾಗ ಬಾದಾಮಿ ಕಲ್ಲಿನ ಕೆಂಪು ಪುಡಿ ಕುಂತಿತ್ತು. ಯಾರ ಮುಂದೂ ಹೇಳಬ್ಯಾಡ್ರಿ ಅಂದ್ಲು. ಯಾಕ. ಭಿನ್ನ ಆತು ಅಂತ ಬದಲಸಾಕ ಹಚ್ಚತಾರ, ನಮ್ಮಜ್ಜಿ ತೊಡಿಮ್ಯಾಲೆ ಮಲಗಿಸಿಕೊಂಡು ಕಟ್ಟಿಸಿದ್ದು ಇದು, ಬ್ಯಾರೇದು ಬಂದ್ರ ಅದು ನನ್ನ ಗುರತು ಹಿಡಿಯೂದಿಲ್ಲ. ಅದು ನಿನ್ನ ಗುರತು ಹಿಡೀಬೇಕೋ ನೀ ಅದರ ಗುರತು ಹಿಡೀಬೇಕೋ ಹುಚ್ಚಿ. ಇಬ್ಬರೂ ಹಿಡೀಬೇಕ್ರಿ. ಆಣಿ ಮಾಡ್ರಿ. ಮಾಡಿದ. ಇಪ್ಪತ್ತನಾಕು ವರ್ಷ ಒಬ್ಬರ ಮುಂದ ಹೇಳಲಿಲ್ಲ, ಅದೊಂದು ಗುಟ್ಟಿನ ಮ್ಯಾಲೆ ಅವರ ಸಂಸಾರ ಕುಂತಿತ್ತು ಅಂದ್ರೂ ನಡೀತೈತಿ, ಕೂಸು ಉಳೀಲಿಲ್ಲ, ಹೊಲ ಇರಲಿಲ್ಲ, ಇಬ್ಬರಿಗೂ ಅಂತ ಇದ್ದದ್ದು ಒಂದು ಮಗ್ಗ, ಒಂದು ಕಚ್ಚು. ಇಂವ ಕುಣಿಯಾಗ ಕುಂತು ನೇಯಬೇಕು, ಆಕಿ ಮಗ್ಗಲದಾಗ ಕಂಡಿಕಿ ಸುತ್ತಬೇಕು, ದಾರ ಹರದಾಗೊಮ್ಮೆ, ಕಂಡಿಕಿ ತುಂಬಿದಾಗೊಮ್ಮೆ ಆಕಿ ಎಡಗೈ ಎದಿಗೆ ಹೋಗೂದು, ಗೆರಿ ಬಿದ್ದ ಹೆಬ್ಬಟ್ಟು, ನೂಲು ಹರದು ಹರದು ಗೆರಿ ಬಿದ್ದಿದ್ದು, ಅರಿವಿ ಮ್ಯಾಲಿಂದ ಒಂದು ಸುತ್ತು ತಿರುಗಿ ಕಚ್ಚಿನ ಮ್ಯಾಲೆ ನಿಲ್ಲೂದು, ನಿಂತಕೂಡ್ಲೇ ಉಸಿರು ಬಿಡೂದು, ಮತ್ತ ರಾಟಿ. ರೇಶ್ಮಿ ಬಣ್ಣ ಹಾಕಾವ ಮೀರಾಸಾಬ ಕೆಂಪು ಕೈ ಒರಸಿಕೊಂತ ಬಂದಾಗೊಮ್ಮೆ ಚಾಷ್ಟಿ ಮಾಡತಿದ್ದ, ಏನ್ ವೈನಿ, ಪದರಿನಾಗ ಏನ್ ಬಚ್ಚಿಟ್ಟೀರಿ, ಅಣ್ಣನ ಜೀವಾ ಏನ. ಹೌದೋ ಮೀರಾಸಾಬ, ಒಂದು ಕಡಿ ಸ್ವಲ್ಪ ಮುರದೈತಿ, ಹೊಲದುಕೊಡ್ತೀಯೇನ. ನಗತಿದ್ಲು. ಹೆಂಗ ನಗತಿದ್ಲು —

ಹೋಯ್ ಹೋಯ್ ಅಂತ ಬುಟ್ಟಿಯಾವ ಒದರಿದ, ಮುಂದ ನೆಲ ಇಲ್ಲ, ಬರ್ಪ. ಇಲ್ಲಿತನಕ ಆಚಿ ಈಚಿ ಬಿದ್ದಿತ್ತು, ಹಿಂಜಿ ಒಗದ ಅರಳಿಯಂಗ, ಈಗ ದಾರಿಮ್ಯಾಲೇ ಅಡ್ಡ ಮಲಗೇತಿ, ಗುಡ್ಡದ ಮ್ಯಾಲಿಂದ ಹೊಳಿ ತನಕ ಒಂದ ಸವನೆ, ಅಂಚಿಲ್ಲದ, ಸೆರಗಿಲ್ಲದ ಬಿಳಿ ಸೀರಿ, ಇದನ್ನ ನೇದಾವ ಬಣ್ಣ ಹಾಕೂದು ಮರತು ಹೋಗ್ಯಾನ, ಮೀರಾಸಾಬನ್ನ ಕರಕೊಂಡು ಬಂದಿದ್ರ ಒಂದು ಕೊಪ್ಪರಗಿ ಕೆಂಪು ಸುರವತಿದ್ದ, ಬರ್ತೇನಿ ಅಣ್ಣಾ ಅಂದಿದ್ದ ಖರೆ, ಬಾಗಲಕೋಟಿ ಟೇಸನದ ತನಕ ಬಂದು, ತಗೋ ಅಂತ ಒಂದು ಎಳಿ ಕೆಂಪು ರೇಶ್ಮಿ ಕೈಯಾಗ ಇಟ್ಟು, ನಿನ್ನ ಶಿವದಾರ ಜೀರ್ಣ ಆಗೇತಿ, ದಾರಿಯಾಗ ಹರದ್ರ ಇದರಾಗ ಕಟಗೋ, ವೈನಿ ಹೆಸರಿಂದ ಅಂದು, ರೈಲು ಬಿಡೂತನಕ ನಿಂತಿದ್ದ. ಹೆಜ್ಜಿ ಕಡದು ಇಟ್ಟಾರ ಬರ್ಪದಾಗ, ಒಂದೊಂದ ಇಡ್ರಿ, ಕೋಲು ಊರ್ರಿ, ಕೆಳಗ ನೋಡಬ್ಯಾಡ್ರಿ ಅಂದ ಈಗ ಬೆನ್ನ ಹಿಂದ ಬರಾಕ ಹತ್ತಿದ್ದ ಸಂಗಯ್ಯ. ಕೆಳಗ ನೋಡಿದ. ಬರ್ಪ ಮುಗಿಯೂ ಕಡೆ ಹೊಳಿ ಬಾಯಿ ತಗದು ಕುಂತೈತಿ, ಗುಳುಂ ಅನ್ನಾಕ ತಯಾರಾಗಿ. ಒಂದು ಹೆಜ್ಜಿ, ಎರಡು, ನಾಕು, ಉಸಿರು ಎದಿಯಿಂದ ಮ್ಯಾಲೆ ಬರವಲ್ದು, ಸ್ವಾಮಿ ಅವಸರದಾಗ, ಐದು, ಸ್ವಾಮಿ ಗದ್ದಲದಾಗ, ಆರು — ಹುಲ್ಲಿನ ಜೋಡು ಜಾರಿತು, ಮೈ ಹೊಳಿ ಕಡಿ ತಿರುಗಿತು, ಕೋಲು ಹೋತು, ಟಣ್ ಟಣ್ ಅಂತ ಕೆಳಗ ಕೆಳಗ, ರುಮಾಲೂ ಹೋತು, ಅದೇನು ಅವಸರದಾಗ ಹೋತೋ, ಅಕ್ಕ ಕಂಡಿಯಾಗಿಂದ ತಮ್ಮಾ ಅಂತ ಚೀರಿದ್ಲು, ಹಿಂದಿಂದ ಸಂಗಯ್ಯನ ರೊಟ್ಟಿ ಕೈ ಕಂಬಳಿ ಹಿಡದು ಜಗ್ಗಿತು, ಮೊಣಕಾಲಮ್ಯಾಲೆ ಕುಂತ, ಬರ್ಪ ಸುಡತೈತಿ ಅಂತ ಇವತ್ತ ಗೊತ್ತಾತು. ಏನ್ ಮಾರಾಯಾ ನೀ, ಸಂಗಯ್ಯ ಇನ್ನೂ ಕಂಬಳಿ ಬಿಟ್ಟಿಲ್ಲ, ಬೀಳಾವ ಸಿಕ್ಕದ್ದು ಹಿಡಕೋತಾನ, ಕೋಲು ಇತ್ತು, ಕಂಡಿ ಹಗ್ಗ ಇತ್ತು, ನಾ ಇದ್ದೆ, ನೀ ಎರಡೂ ಕೈಯಿಂದ ಎದಿ ಹಿಡಕೊಂಡೆಲ್ಲೋ. ಹೌದು. ಎರಡೂ ಕೈ ಅಲ್ಲೇ ಅದಾವ. ಹೆಬ್ಬಟ್ಟು ಕಚ್ಚಿನ ಮ್ಯಾಲೆ ಐತಿ. ರುಮಾಲು ಹೋಗಲಿ ಬಿಡ್ರಿ ಅಂದ ಅಂದಾನಪ್ಪ, ಯಾರಿಗಂದ್ನೋ, ಸಂಗಯ್ಯಗೋ, ಬಾದಾಮಿ ಮೆಟ್ಟಲಾ ಮ್ಯಾಲೆ ಬಿದ್ದಾಕಿಗೋ.

ಇಪ್ಪತ್ತು ಹೆಜ್ಜಿ, ನಿಲ್ಲೂದು. ಹದಿನೈದು ಹೆಜ್ಜಿ, ನಿಲ್ಲೂದು. ತಲಿಯಾಗ ಯಾರೋ ಹಲಗಿ ಬಡದಂಗ, ಗಾಳಿ ಇಷ್ಟು ತೆಳ್ಳಗ ಆದ್ರ ವಿಚಾರನೂ ತೆಳ್ಳಗ ಆಗತಾವೇನೋ, ನಡುವ ಹರದು ಹರದು ಬೀಳಾಕ ಹತ್ಯಾವ. ಸ್ವಾಮಿ, ಅವತ್ತಿನ ಗದ್ದಲ ನಿಮಗ ಗೊತ್ತಿಲ್ಲರಿ. ಊರಾಗ ಇಲಿ ಬಿದ್ವು, ಸರಕಾರದಾವ್ರು ಮನಿ ಬಿಡಸಿದ್ರು, ಹೊಲದಾಗ ತಟ್ಟಿ ಗುಡಸಲಾ, ಸಾಲಿಗೆ ಸಾಲು, ಮಗ್ಗ ಎಲ್ಲಾ ಊರಾಗ, ನೇಕಾರ ಎಲ್ಲಾ ಹೊಲದಾಗ, ಆಕಿ ಬಗಲಾಗ ಗಂಟೆದ್ದಿತು. ಗಂಟು ಅಂದ್ರ ನೇಕಾರಗ ದಿನದ ಕೆಲಸ, ಹರದದ್ದು ಕೂಡಸೂದು ಗಂಟಿನಿಂದ, ಇದೊಂದು ಗಂಟು ಮಾತ್ರ ಹರಿಯಾಕ ಬಂದಿತ್ತು. ಎರಡು ದಿನ. ಮೂರನೇ ದಿನ ಮಧ್ಯಾನಕ್ಕ ಮುಗೀತು. ಮಂದಿ ಹತ್ರ ಬರವಲ್ರು, ಕುಣಿ ತಗದಾವ ಮೀರಾಸಾಬ ಒಬ್ಬನ, ಮಗ್ಗದ ಕುಣಿ ತೋಡಿದ್ದೂ ಅಂವನ, ಈ ಕುಣಿ ತೋಡಿದ್ದೂ ಅಂವನ, ಕೆಂಪು ಕೈಗೆ ಕರೀ ಮಣ್ಣು ಮೆತ್ತಿಕೊಂಡು, ಲಗೂ ತರ್ರಿ ಅಣ್ಣಾ, ಪಹರೆದಾವ್ರು ಬಂದ್ರ ಸುಣ್ಣ ಸುರವತಾರ ಅಂತ ಒದರಾಕ ಹತ್ತಿದ್ದ, ಸಂಗಯ್ಯ ನಲವತ್ತು ಮಾರು ದೂರ ಬೇವಿನ ಗಿಡದ ಬುಡಕ ನಿಂತು ಮಂತ್ರ ಒದರಾಕ ಹತ್ತಿದ್ದ, ನಾಯಿ ಒದರಾಕ ಹತ್ತಿದ್ವು, ಆ ಗದ್ದಲದಾಗ್ರಿ ಸ್ವಾಮಿ, ಆಕಿನ್ನ ಕುಣಿಯಾಗ ಕುಂದ್ರಿಸಿದಮ್ಯಾಲೆ, ಎರಡೂ ಲಿಂಗ ನನ್ನ ಕೈಯಾಗ ಇದ್ವು, ಯಾಕಂದ್ರ ಆಕಿಗೆ ಪೂಜಿ ಮಾಡಾಕ ತ್ರಾಣ ಇರಲಿಲ್ಲ, ಎರಡೂ ನಾನ ಮಾಡತಿದ್ದೆ, ಒಂದ ಅಂಗೈಯಾಗ ಜೋಡಿ ಇಟಗೊಂಡು, ಅವಸರದಾಗ ಯಾವುದೋ ಒಂದು ಎತ್ತಿ ಆಕಿ ಕೈಯಾಗ ಇಟ್ಟೆ, ಬಟ್ಟು ಮಡಚಿದೆ, ಮಣ್ಣು ಎಳದ್ವಿ, ಮರುದಿನ ಮುಂಜಾನಿ ಅರಿವಿ ಬಿಚ್ಚಿ ನೋಡಿದ್ರ ಕಚ್ಚು. ಇಷ್ಟರಿ. ಚಲೋ ಐತಿ. ಎಲ್ಲೂ ಗಂಟಿಲ್ಲದಂಗ ನೇದೇನಿ. ನಾಕು ವರ್ಷ ನೇದೇನಿ ಇದನ್ನ, ಒಂದೂ ಎಳಿ ತಪ್ಪಿಲ್ಲ, ಮತ್ತ ಯಾಕ ತೊಡಾಕ ಬರವಲ್ದು, ಯಾಕ ಎಲ್ಲೋ ಒಂದು ಕಡಿ ಚುಚ್ಚತೈತಿ.

ಏ ತಮ್ಮಾ, ತಮ್ಮಾ, ನನ್ನ ತಿರುಗಸೋ, ಎಲ್ಲಾರೂ ಕೈ ಮುಗಿಯಾಕ ಹತ್ಯಾರ, ನನಗ ನಿನ್ನ ಮಾರಿ ಒಂದ ಕಾಣತೈತಿ ಅಂತ ಅಕ್ಕ ಒದರಿದ್ಲು. ಏರು ಮುಗದಿತ್ತು. ಮುಂದ ದೊಡ್ಡ ಬಯಲು, ಬಯಲಿನ ತುದಿಗೆ ಇಷ್ಟ ಇಷ್ಟ ಗುಡಿ, ಬೂದು ಬಣ್ಣದ್ದು, ಅದರ ಹಿಂದ ಬಿಳೀ ಗುಡ್ಡ ಮುಗಲಿಗೆ ಮುಟ್ಟಿ ನಿಂತೈತಿ, ಗುಡಿ ಕಂಡಕೂಡ್ಲೇ ಯಾತ್ರಿಯವರು ನೆಲಕ್ಕ ಬಿದ್ದು ಅಳೂ ಜಾಗ ಇದು, ಬುಟ್ಟಿಯಾವ ಸಾವಕಾಶ ತಿರುಗಿದ, ಅಕ್ಕನ ಮಾರಿ ಗುಡಿ ಕಡಿ ಆತು, ಆಕಿ ಮೊದಲ ಸಲ ತಮ್ಮನ್ನ ನೋಡೂದು ಬಿಟ್ಟು ಶಿವನ್ನ ನೋಡಿ ಅತ್ಲು. ಸಂಗಯ್ಯ ಅಳಲಿಲ್ಲ, ರೊಟ್ಟಿ ಗಂಟು ನೆಲದಾಗ ಇಟ್ಟ, ಬಂದು ಅಂದಾನಪ್ಪನ ಮುಂದ ನಿಂತ, ಈ ಅಯ್ನಾರ ಮಾರಿ ಇಷ್ಟು ಸಣ್ಣದಿತ್ತೇನು. ಅಂದಾನಪ್ಪಾ, ಒಳಗ ಹೋಗೂಕಿಂತ ಮೊದಲ ಒಂದು ಮಾತು, ಅವತ್ತ ನಾ ಗಿಡದ ಬುಡಕ ನಿಂತಿದ್ದೆ. ಗೊತ್ತೈತ್ರಿ. ಮಣ್ಣು ಕೊಡೂಮುಂದ ಆಕಿ ನೆತ್ತಿಮ್ಯಾಲೆ ನಾ ಪಾದ ಇಡಬೇಕಾಗಿತ್ತು, ಇಟ್ಟಾಗ ಶಿವನ ಕಡೆ ಹಾದಿ ಆಗೂದು, ನಲವತ್ತು ಮಾರಿನಿಂದ ಪಾದ ಇಟ್ಟೇನಿ ಅಂತ ತಿಳಕೋರಿ ಅಂತ ಒದರಿದೆ, ಜೀವದ ಆಸೆ ಅಂದಾನಪ್ಪಾ, ಐದು ಮಕ್ಕಳು ನನಗ, ನಾಕು ವರ್ಷದಿಂದ ಈ ಬಲಗಾಲು ಜೋಮು ಹಿಡದೈತಿ, ಯಾರ ಮನಿಯಾಗ ಪಾದ ತೊಳಸಿಕೊಂಡ್ರೂ ಆಕಿ ಕಾಣತಾಳ, ಒಳಗ ಸ್ವಾಮ್ಯಾರ ಮುಂದ ನಾ ಹೇಳಿಕೊಳ್ಳಾಂವ ಇದ್ದೇನಿ, ನೀ ಒಂದು ಸಲ ಕ್ಷಮಾ ಮಾಡೇನಿ ಅಂದ್ರ ಸಾಕು, ಉಳಿದದ್ದೆಲ್ಲಾ ಪದ್ಧತಿಪ್ರಕಾರ ಆಗೇತಿ, ಅದನ್ನ ನಾ ಕಣ್ಣಾರೆ ನೋಡೇನಿ, ಜೀವಕ್ಕ ಅಂಜಿದ್ರೂ ಕಣ್ಣಿಗೆ ಅಂಜಿಕಿ ಇರಲಿಲ್ಲ, ನೀ ಆಕಿನ್ನ ಗುಡಸಲದಾಗಿಂದ ಹೊತಗೊಂಡು ಹೊರಗ ಬಂದಾಗ ಎಡಗೈ ಜೋತುಬಿದ್ದಿತ್ತು, ಮುಷ್ಟಿ ಮುಚ್ಚಿತ್ತು, ಎಷ್ಟು ಬಿಗಿ ಮುಚ್ಚಿತ್ತಂದ್ರ ಮೀರಾಸಾಬ ಅಂದ, ಅಯ್ಯನೋರ, ಲಿಂಗ ಒಳಗ ಐತ್ರಿ, ಮುಷ್ಟಿ ಬಿಚ್ಚೂದು ಬ್ಯಾಡ್ರಿ, ಬಿಚ್ಚಲಿಲ್ಲ. ಅಷ್ಟು ಗಟ್ಟಿ ಹಿಡದಾಕಿಗೆ ನನ್ನ ಪಾದ ಯಾಕ ಬೇಕಿತ್ತು ಬಿಡು, ಆದ್ರ ನನಗ ಬೇಕಿತ್ತು ಅಂದಾನಪ್ಪಾ.

ಏನಂದ್ರಿ. ಹೊರಗ ತರೂಮುಂದ. ಹೌದು. ಮುಷ್ಟಿ ಮುಚ್ಚಿತ್ತು. ಹೌದಪಾ, ನಾ ನೋಡೇನಿ. ಹಂಗಾದ್ರ ಕುಣಿಯಾಗ ಇಟ್ಟೆ ಅನ್ನೂದು ಎಲ್ಲಿ ಹೋತು, ಗದ್ದಲ ಎಲ್ಲಿ ಹೋತು, ಅವಸರ, ಒಂದು ಎಳಿ ಜಗ್ಗಿದ್ರ ನಾಕು ವರ್ಷದ ಸೀರಿ ಸರ್ರಂತ ಬಿಚ್ಚಿಕೋತ ಹೋತು, ಕೆಳಗ, ಕೆಳಗ, ಹೊಳಿ ತನಕ. ಗುಡಸಲದಾಗ ಗದ್ದಲ ಇರಲಿಲ್ಲ. ಮಧ್ಯಾನ ಅಲ್ಲ, ಇನ್ನೂ ಮುಂಜಾನಿ, ತಟ್ಟಿ ಸಂದ್ಯಾಗಿಂದ ಬಿಸಲು ನೂಲು ನೂಲಾಗಿ ಹಾಸಿಗಿಮ್ಯಾಲೆ ಬಿದ್ದಿತ್ತು, ಮೀರಾಸಾಬ ಇನ್ನೂ ಬಂದಿದ್ದಿಲ್ಲ, ನಾಯಿ ಒದರತಿದ್ದಿಲ್ಲ, ಪೂಜಿ ಈಗರೆ ಮುಗದಿತ್ತು, ತೀರ್ಥ ತುಟಿಗೆ ಮುಟ್ಟಿಸಿದ್ದ, ಆಕಿ ಕಣ್ಣು ತಗದಿದ್ಲು, ಕೊಡ್ರಿ ಇಲ್ಲೆ ಅಂತ ಎಡಗೈ ಚಾಚಿದ್ಲು, ಬಾದಾಮಿಯಾಗ ಚಾಚಿದಂಗ, ಹಿಡಕೋರಿ. ಅಂಗೈಯಾಗ ಎರಡು ಕುಂತಿದ್ವು, ನೀರು ಆರಿರಲಿಲ್ಲ, ಒಂದು ನುಣ್ಣಂದು, ಒಂದರಮ್ಯಾಲೆ ಕಚ್ಚು, ಬೆಳಕು ಚಲೋ ಇತ್ತು, ನೋಡಿದ, ನೋಡೇ ನೋಡಿದ, ಇದನ್ನ ಕೊಟ್ರ ಮಣ್ಣಾಗ ಹೋಗತೈತಿ, ಬಾದಾಮಿ ಹೋಗತೈತಿ, ಆ ನಗು ಹೋಗತೈತಿ, ನನ್ನ ಕಡೆ ಏನು ಉಳಿಯತೈತಿ — ನುಣ್ಣಂದು ಕೊಟ್ಟ. ತನ್ನದು. ತಪ್ಪಿ ಅಲ್ಲ. ಕದ್ದ. ಸಾಯಾಕಿ ಕೈಯಾಗಿಂದ ಆಕಿದು ಕದ್ದ, ಅಕ್ಕಗ ಹೆಂಗ ಗೊತ್ತಾತೋ, ಕೆಮ್ಮಲಾರದಾವ ಕದ್ದಾವ.

ಏನಂತಿ ಅಂದಾನಪ್ಪಾ, ಸಂಗಯ್ಯ ಕೇಳಾಕ ಹತ್ಯಾನ, ಬಾಗಲಾ ಮುಚ್ಚೂ ಹೊತ್ತಾತು. ಮಾಡೇನ್ರಿ ಅಯ್ಯನೋರ, ಕ್ಷಮಾ ಮಾಡೇನಿ, ನಿಮ್ಮ ಪಾದ ಆಕಿಗೆ ಮುಟ್ಟೇತಿ ಅಂತ ಅಂದ್ರ ಸುಳ್ಳಾಗತೈತಿ, ನೀವು ಅಂಜಿದ್ರಿ, ನಾನೂ ಅಂಜಿದೆ, ಇಷ್ಟ ಖರೆ, ಕಾಲು ಜೋಮು ಬಿಡತೈತಿ ನಡೀರಿ. ಅಂತ ಅಂದ, ಬಾಯಿ ಅಂತು, ಅಂವ ಅಲ್ಲಿರಲಿಲ್ಲ. ಕೈ ಕಂಬಳಿ ಒಳಗ ಹೋತು, ಶಿವದಾರ ಸಿಕ್ತು, ಬರ್ಪದಾಗ ಜಗ್ಗಿದ್ದಕ್ಕ ಅರ್ಧ ಹರದೈತಿ, ಎರಡು ಎಳಿ ಮ್ಯಾಲೆ ನಿಂತೈತಿ, ಮೀರಾಸಾಬನ ಕೆಂಪು ರೇಶ್ಮಿ ತಗದ, ಥಂಡಿಗೆ ಬಟ್ಟು ಮಾತು ಕೇಳವಲ್ವು, ಆದ್ರೂ ನೇಕಾರನ ಗಂಟು, ಅದಕ್ಕ ಕಣ್ಣು ಬೇಕಾಗಿಲ್ಲ, ಹಾಕಿದ, ಜಗ್ಗಿದ, ಬಿಗಿ ಆತು. ಯಾರು ಕೊಟ್ಟಿದ್ದಪಾ ಇದು. ಕೇಳತಾರ, ಇನ್ನ ಅರ್ಧ ತಾಸಿನಾಗ, ಕನ್ನಡದಾಗ ಕೇಳತಾರ. ಕದ್ದಿದ್ರಿ ಸ್ವಾಮಿ. ಹಂಗ ಹೇಳಬೇಕು. ಹಂಗ ಹೇಳಿದ್ರ ಹೊಳಿಗೆ. ಕದ್ದಿದ್ದು, ಆದ್ರ ತಡೀರಿ, ಸ್ವಾಮಿ, ತಡೀರಿ, ಇನ್ನೊಂದು ಎಳಿ ಐತಿ, ನುಣ್ಣಂದು ಕೊಟ್ಟ, ಆಕಿ ಅಂಗೈಮ್ಯಾಲೆ ಇಟ್ಟ, ಇಟ್ಟಮ್ಯಾಲೆ ಏನಾತು, ಆಕಿ ಇನ್ನೂ ಇದ್ಲು, ಕಣ್ಣು ತಗದು ಮಲಗಿದ್ಲು, ಇಟ್ಟಮ್ಯಾಲೆ — ಹೆಬ್ಬಟ್ಟು. ಗೆರಿ ಬಿದ್ದ ಹೆಬ್ಬಟ್ಟು ಎದ್ದು ಹೊಂಟಿತು, ಸಾವಕಾಶ, ರೂಢಿಪ್ರಕಾರ, ಒಂದು ಸುತ್ತು. ಇಲ್ಲ. ಮತ್ತೊಂದು ಸುತ್ತು, ಬುಡದ ಸನೇಕ, ಇಲ್ಲ, ಮ್ಯಾಲೆ, ಇಲ್ಲ, ಎಲ್ಲಾ ಕಡೆ ನುಣುಪು, ಜೋಳದ ಅರ್ಧ ಕಾಳು ಎಲ್ಲೂ ಇಲ್ಲ, ಹೆಬ್ಬಟ್ಟು ನಿಂತಿತು. ಕಣ್ಣು ಹೊಳ್ಳಿಸಿ ಇವನ್ನ ನೋಡಿದ್ಲು. ಇವನ ಇನ್ನೊಂದು ಮುಷ್ಟಿ ನೋಡಿದ್ಲು. ಬ್ಯಾರೇದು ಬಂದ್ರ ಗುರತು ಹಿಡಿಯೂದಿಲ್ಲ ಅಂದಾಕಿ, ಇಬ್ಬರೂ ಹಿಡೀಬೇಕ್ರಿ ಅಂದಾಕಿ, ಗುರತು ಹಿಡದ್ಲು, ಯಾರದು ಅಂತ ಹಿಡದ್ಲು, ತಿರುಗಿ ಕೊಡ್ರಿ ಅನ್ನಲಿಲ್ಲ, ಉಸಿರು ಬಿಟ್ಲು, ಕಂಡಿಕಿ ತುಂಬಿದಾಗ ಬಿಡತಿದ್ದಂಗ. ಯಾರು ಕೊಟ್ಟಿದ್ದಪಾ ಇದು. ಆಕಿ ಕೊಟ್ಟಿದ್ರಿ. ಕದ್ದದ್ದನ್ನ ಆಕಿ ಕೊಟ್ಲರಿ, ಸ್ವಾಮಿ, ನಾಕು ಬಟ್ಟು ಮಡಚಿದ್ಲು, ಒಂದೊಂದಾಗಿ, ತಾನ, ಎಲ್ಲಾ ಮಡಚಿದಮ್ಯಾಲೆ ಮ್ಯಾಲೆ ಹೆಬ್ಬಟ್ಟು, ಹೆಬ್ಬಟ್ಟು ಹುಡುಕಿತು, ಇಲ್ಲ ಅಂತ ಗೊತ್ತಾತು, ಗೊತ್ತಾದಮ್ಯಾಲೂ ಮುಚ್ಚಿತು, ನಾಕು ಬಟ್ಟು, ಮ್ಯಾಲೆ ಹೆಬ್ಬಟ್ಟು, ಗೆರಿ ಬಿದ್ದ ಹೆಬ್ಬಟ್ಟು